ಪುಸ್ತಕದಲ್ಲಿ ಇಲ್ಲದ ಬುತ್ತಿ

ಆಗ ನನಗೆ ಅರವತ್ತೆರಡು. ಏಳು ವರ್ಷದ ಹಿಂದಿನ ಮಾತು ಇದು. ಮೊನ್ನೆ ಅಡುಗೆಮನೆಯಲ್ಲಿ ಶೇಂಗಾ ಎಣ್ಣೆಯ ಬಾಟಲಿ ಉರುಳಿತು. ಒರೆಸುತ್ತ ಕುಳಿತವಳಿಗೆ ನೆಲದ ಕಲ್ಲಿನ ಮೇಲೆ ನನ್ನದೇ ಹೆಬ್ಬೆರಳಿನ ಗುರುತು ಕಂಡು ಎಲ್ಲ ನೆನಪಾಯಿತು. ಎಣ್ಣೆ ಹೋಯಿತಲ್ಲ ಎಂದು ಬೈದುಕೊಳ್ಳಬೇಕಾದ ಮುದುಕಿ ನಗುತ್ತ ಕುಳಿತದ್ದನ್ನು ನೋಡಿ ಮೊಮ್ಮಗಳು ತಸ್ಲೀಮ್ ಹೆದರಿದಳು. ಬೆರಳು ತೋರಿಸಿದೆ. ಆಕೆಯೂ ನಕ್ಕಳು.

ಶಾಲೆಯ ಬಸಯ್ಯ ಸರ್ ಹೋದ ತಿಂಗಳಿಂದ ಗಂಟುಬಿದ್ದಿದ್ದಾರೆ. “ಲೈಬ್ರರಿ ಮಕ್ಕಳಿಗೆ ನಿಮಗ ಸೇರಿದ ಪುಸ್ತಕದ ಬಗ್ಗೆ ನಾಕು ಸಾಲು ಬರದು ಕೊಡ್ರಿ” ಎಂದು. ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸುವುದು ಬಹಳ ಓದಿದವರಿಗೆ ಬರುತ್ತದೆ. ನನಗೆ ಬರುವುದು ಸುತ್ತು ಹಾಕಿ ಬರುವ ದಾರಿ. ಮಕ್ಕಳೇ, ನಿಮಗೆ ಗಡಿಬಿಡಿ ಇದ್ದರೆ ಪುಸ್ತಕದ ಹೆಸರು ಕೇಳಿಕೊಂಡು ಎದ್ದು ಹೋಗಿ. ‘ಮುನಿದು ಹೋದ ಹೊಳೆ’. ಮಾಯದ ಕತೆ. ಹದಿಮೂರು ಹದಿನಾಲ್ಕು ವರ್ಷದವರಿಗೆ ಎಂದು ಹಿಂದಿನ ರಟ್ಟಿನ ಮೇಲೆ ಬರೆದಿದೆ. ಅರವತ್ತೆರಡರವರು ಓದಬಾರದು ಎಂದು ಬರೆದಿಲ್ಲ, ನೋಡಿದ್ದೇನೆ.

ನಾನು ಓದಿದವಳಲ್ಲ. ನನ್ನ ತವರು ರಾಣೆಬೆನ್ನೂರು. ಅಲ್ಲಿ ಎರಡು ವರ್ಷ ಶಾಲೆಗೆ ಹೋದೆ, ತಮ್ಮನನ್ನು ಎತ್ತಿಕೊಂಡು. ಅವನು ಅತ್ತರೆ ಮಾಸ್ತರು ನನ್ನನ್ನು ಹೊರಗೆ ಕಳಿಸುತ್ತಿದ್ದರು, ಅವನು ಅಳುವ ಕೂಸು. ಹಾಗಾಗಿ ನನ್ನ ಅಕ್ಷರಗಳಲ್ಲಿ ಅರ್ಧ ಶಾಲೆಯ ಒಳಗೆ ಕಲಿತವು, ಅರ್ಧ ಕಿಟಕಿಯ ಹೊರಗೆ ನಿಂತು ಕಲಿತವು. ಒತ್ತಕ್ಷರಗಳೆಲ್ಲ ಹೊರಗಿನವು. ಮದುವೆಯಾಗಿ ಬ್ಯಾಡಗಿಗೆ ಬಂದ ಮೇಲೆ ತವರಿಗೆ ಹೋಗಿ ತಿರುಗಿ ಬರುವಾಗ ಬಸ್ಸಿನ ಬೋರ್ಡು ಓದುವ ಚಟ ಹತ್ತಿತು. ನಾನು ಒಂದು ಬೋರ್ಡು ಓದಿ ಮುಗಿಸುವಷ್ಟರಲ್ಲಿ ಆ ಬಸ್ಸು ಮೋಟೆಬೆನ್ನೂರು ದಾಟಿರುತ್ತಿತ್ತು. ಹಾವೇರಿ ಎಂಬುದು ಸುಲಭ. ಆ ಸುಲಭಕ್ಕೆ ಮರುಳಾಗಿ ಒಮ್ಮೆ ಹಾವೇರಿ ಬಸ್ಸನ್ನೇ ಹತ್ತಿ, ಹಾವೇರಿಯಲ್ಲಿ ಇಳಿದು, ಓದಿದ್ದು ಸರಿಯಾಗಿತ್ತು ಎಂದು ಹೆಮ್ಮೆಪಟ್ಟುಕೊಂಡು, ಆಮೇಲೆ ಬ್ಯಾಡಗಿ ನೆನಪಾಗಿ ತಿರುಗಿ ಬಂದೆ.

ಬ್ಯಾಡಗಿಯಲ್ಲಿ ನನ್ನ ಕೆಲಸ ಮೆಣಸಿನಕಾಯಿಯ ತೊಟ್ಟು ಬಿಡಿಸುವುದು. ಮೂವತ್ತು ವರ್ಷ ಅದನ್ನೇ ಮಾಡಿದೆ. ಹೆಣ್ಣುಮಕ್ಕಳು ಸಾಲಾಗಿ ಕೂರುತ್ತೇವೆ, ಮುಂದೆ ಕೆಂಪು ರಾಶಿ. ನಮ್ಮ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣ ಕೈಗೆ ಹತ್ತಿದರೆ ಹತ್ತಿತು. ನಾನು ಕೆಲಸ ತಪ್ಪಿಸಿದವಳಲ್ಲ. ಜ್ವರ ಇದ್ದಾಗಲೂ ಹೋಗಿದ್ದೇನೆ, ಹಲ್ಲು ಕೀಳಿಸಿಕೊಂಡ ದಿನ ಬಾಯಿಗೆ ಅರಳೆ ಇಟ್ಟುಕೊಂಡು ಹೋಗಿದ್ದೇನೆ. ಗಂಡ ತೀರಿಕೊಂಡಾಗ ಬಿಟ್ಟೆ, ಮಗಳ ಹೆರಿಗೆಗೆ ಬಿಟ್ಟೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಸ್ಲೀಮ್ ಆ ಮಗಳ ಮಗಳು. ಶಾಲೆಗೆಂದು ನನ್ನ ಹತ್ತಿರ ಇದ್ದಳು, ಎಂಟನೇ ತರಗತಿ. ಆ ವರ್ಷ ಶಾಲೆಗೆ ಹೊಸ ಪುಸ್ತಕಗಳು ಬಂದು ಗಾಜಿನ ಬಾಗಿಲ ಕಪಾಟಿನಲ್ಲಿ ಕುಳಿತಿದ್ದವು. ಬೀಗದ ಕೈ ಬಸಯ್ಯ ಸರ್ ಹತ್ತಿರ. ಅವರು ಹಾವೇರಿಯಿಂದ ದಿನಾ ಬಂದು ಹೋಗುವವರು, ಕಟ್ಟುನಿಟ್ಟು. ಒಂದು ತಿಂಗಳು ಕಪಾಟು ತೆರೆದು ನೋಡುತ್ತೇನೆ, ಒಂದೇ ಒಂದು ಪುಸ್ತಕ ಹಾಳಾಗಿ ಬಂದರೂ ಬೀಗ ಹಾಕುತ್ತೇನೆ ಎಂದು ಹೇಳಿಯೇ ತೆರೆದಿದ್ದರು. ಪುಸ್ತಕ ಒಯ್ದವರು ಹದಿನೈದು ದಿನ ಆದ ಮೇಲೆ ಶನಿವಾರ ತರಗತಿಯಲ್ಲಿ ಎದ್ದು ನಿಂತು, ಉಳಿದವರು ಅದನ್ನು ಓದಬೇಕೋ ಬೇಡವೋ ಹೇಳಬೇಕು.

ತಸ್ಲೀಮ್ ರಟ್ಟಿನ ಮೇಲಿನ ಚಿತ್ರ ನೋಡಿ ಎಲ್ಲಕ್ಕಿಂತ ದಪ್ಪನೆಯದನ್ನು ತಂದಳು. ಮೂರು ದಿನ ಅದು ಗೋಡೆಯ ಗೂಡಿನಲ್ಲಿ ಕುಳಿತಿತ್ತು. ಮನೆಯಲ್ಲಿ ನಮ್ಮ ಮಾತು ಉರ್ದು. ನಿಮಗಾಗಿ ಕನ್ನಡ ಮಾಡಿ ಬರೆಯುತ್ತೇನೆ.

“ಎಷ್ಟು ಓದೀದಿ?” ಎಂದು ಕೇಳಿದೆ.

“ಹಿಂದಿನ ರಟ್ಟು ಓದೇನಿ, ನಾನಿ.”

“ಮತ್ತ ಶನಿವಾರ ಎದ್ದು ನಿಂತು ಏನ ಹೇಳ್ತಿ?”

“ಇದರಲ್ಲಿ ಒಳ್ಳೆಯ ನೀತಿ ಇದೆ, ಎಲ್ಲರೂ ಓದಬೇಕು, ಅಂತ ಹೇಳ್ತೇನಿ. ಎಲ್ಲಾರೂ ಹಂಗ ಹೇಳ್ತಾರ.”

“ರುಚಿ ನೋಡದ ಸಾರು ಚಲೋ ಆಗೇತಿ ಅಂತ ಮಂದಿಗೆ ಬಡಸ್ತೀಯೇನ?”

“ಸಾರು ಇನ್ನೂರ ನಲವತ್ತು ಪುಟ ಇರೂದಿಲ್ಲಲ್ಲ.”

ಮಾತಿನಲ್ಲಿ ಆಕೆ ನನ್ನದೇ ರಕ್ತ. ಸಿಟ್ಟಿಗೆ ಪುಸ್ತಕ ಕೈಗೆ ತೆಗೆದುಕೊಂಡೆ. ಆಕೆಗೆ ನಾಚಿಕೆಯಾಗಲಿ ಎಂದು ಕಟ್ಟೆಯ ಮೇಲೆ ಕುಳಿತು, ಸಾಲಿನ ಕೆಳಗೆ ಬೆರಳಿಟ್ಟು, ಓಣಿಗೆ ಕೇಳುವ ಹಾಗೆ ಓದತೊಡಗಿದೆ. ಮೊದಲ ಪುಟಕ್ಕೆ ಅರ್ಧ ತಾಸು ಹಿಡಿಯಿತು. ಆಕೆಗೆ ನಾಚಿಕೆಯೇನೂ ಆಗಲಿಲ್ಲ, ಒಳಗೆ ಕುಳಿತು ಲೆಕ್ಕ ಬಿಡಿಸಿದಳು. ಎರಡನೇ ಪುಟದಲ್ಲಿ ನನಗೇ ಸಿಟ್ಟು ಮರೆತುಹೋಯಿತು.

ಕತೆ ಹೀಗೆ. ಒಂದು ಊರಿನ ಹೊಳೆ ಊರಿನವರ ಮೇಲೆ ಮುನಿದು ತವರಿಗೆ ಹೋಗಿಬಿಡುತ್ತದೆ. ಹೋಗುವಾಗ ಮೀನು ಒಯ್ಯುತ್ತದೆ, ಅಷ್ಟೇ ಅಲ್ಲ, ಊರಿನವರ ಮುಖ ಮೂಡುವ ಪ್ರತಿಬಿಂಬಗಳನ್ನೂ ಒಯ್ಯುತ್ತದೆ. ಕನ್ನಡಿ ನೋಡಿದರೆ ಹಿಂದಿನ ಗೋಡೆ ಕಾಣುತ್ತದೆ, ಮುಖ ಕಾಣುವುದಿಲ್ಲ. ದೋಣಿ ನಡೆಸುವವನ ಮಗಳು, ಹದಿನಾಲ್ಕು ವರ್ಷದ ಸುಳಿ ಎಂಬ ಹುಡುಗಿ, ಹೊಳೆಯನ್ನು ಕರೆತರಲು ಹೊರಡುತ್ತಾಳೆ. ಜೊತೆಗೆ ಮಾತು ಬರುವ ಒಂದು ಕುಂಟ ಆಡು.

ಇದನ್ನು ಓದಿ ನನಗೆ ಅಪ್ಪ ನೆನಪಾದ. ನನ್ನ ಅಪ್ಪ ಗಾದಿ ಹೊಲಿಯುವವನು, ಹಳ್ಳಿ ಹಳ್ಳಿ ತಿರುಗುತ್ತಿದ್ದ. ಒಮ್ಮೆ ನನ್ನನ್ನು ಗಳಗನಾಥಕ್ಕೆ ಕರೆದೊಯ್ದಿದ್ದ. ಅಲ್ಲಿ ಎರಡು ಹೊಳೆ ಬಂದು ಕೂಡುವುದನ್ನು ನೋಡಿ, ಇವೆರಡೂ ಜಗಳ ಆಡಿದರೆ ಏನು ಮಾಡುತ್ತವೆ ಎಂದು ಕೇಳಿದೆ. ಅಪ್ಪ ಅರಳೆಯ ಗಂಟು ಇಳಿಸಿ ಯೋಚಿಸಿ, “ಒಂದು ತವರಿಗೆ ಹೋಗತೈತಿ” ಎಂದ. ಅಪ್ಪನ ಆ ಮಾತು ಯಾರದೋ ಕೈಗೆ ಸಿಕ್ಕು ಅಚ್ಚಾಗಿ ನನ್ನ ಮನೆಯ ಗೂಡಿಗೆ ಬಂದು ಕುಳಿತ ಹಾಗೆ ಅನಿಸಿತು. ಅನಿಸಿದ್ದು ಅಷ್ಟೆ. ಅಪ್ಪ ಗಾದಿ ಹೊಲಿದ, ಪುಸ್ತಕ ಬರೆಯಲಿಲ್ಲ.

ಮುಂದಿನ ದಿನಗಳಲ್ಲಿ ಕೆಲಸದಿಂದ ಬಂದು ಬೆಳಕಿರುವತನಕ ಓದುವುದು, ಆಮೇಲೆ ರೊಟ್ಟಿ ಬಡಿಯುತ್ತ ಓದಿದ್ದನ್ನು ತಸ್ಲೀಮ್‌ಗೆ ಹೇಳುವುದು ನಡೆಯಿತು. ದಿನದಿಂದ ದಿನಕ್ಕೆ ಓದು ಚುರುಕಾಯಿತು. ಕನ್ನಡದಲ್ಲಿ ಓದಿ ಉರ್ದುವಿನಲ್ಲಿ ಹೇಳುತ್ತಿದ್ದೆ. ಮೊದಲು ಕೇಳದ ಹಾಗೆ ಕೂರುತ್ತಿದ್ದವಳು ನಾಲ್ಕನೇ ದಿನ ಹಿಟ್ಟಿನ ಪರಾತದ ಎದುರಿಗೆ ಬಂದು ಕುಳಿತಳು. ನಾನು ಕತೆ ಹೇಳುವವಳಿಗಿಂತ ಕತೆಯ ಜೊತೆ ಜಗಳ ಆಡುವವಳು. ಆಡಿಗೆ ಮಾತು ಬರುತ್ತದೆ, ಒಪ್ಪಿಕೊಂಡೆ. ಆದರೆ ಆ ಆಡು ಹಸಿರು ಗಿಡಗಳ ನಡುವೆ ಇಡೀ ದಿನ ನಡೆದು ಒಂದು ಎಲೆಗೂ ಬಾಯಿ ಹಾಕಲಿಲ್ಲ ಎಂದು ಬರೆದಿದ್ದನ್ನು ಒಪ್ಪಲಿಲ್ಲ. ಬರೆದವರು ಆಡು ಸಾಕಿದವರಲ್ಲ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಸುಳಿ ನಾಲ್ಕು ದಿನ ಗುಡ್ಡ ಹತ್ತುತ್ತಾಳೆ, ಮನೆಯಿಂದ ಹೊರಡುವಾಗ ಬುತ್ತಿ ಕಟ್ಟಿಕೊಂಡ ಮಾತೇ ಇಲ್ಲ. ಹಿಂದೆ ತಿರುವಿ ನೋಡಿದೆ, ಮುಂದೆ ತಿರುವಿ ನೋಡಿದೆ. ಒಂದು ರೊಟ್ಟಿ ಇಲ್ಲ. ನನಗೆ ತಡೆಯಲಿಲ್ಲ. ತಸ್ಲೀಮ್‌ಗೆ ಹೇಳುವಾಗ ಆ ಹುಡುಗಿಗೆ ನಾಲ್ಕು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ ಅರಿವೆಯಲ್ಲಿ ಗಂಟು ಹಾಕಿ ಕೊಟ್ಟುಬಿಟ್ಟೆ.

ಇನ್ನು ನನ್ನ ಕೈಯ ವಿಷಯ. ಕೆಲಸದ ಕೈಯಿಂದ ಪುಸ್ತಕ ಮುಟ್ಟಬಾರದು ಎಂಬಷ್ಟು ಬುದ್ಧಿ ನನಗಿತ್ತು. ಮೆಣಸಿನಕಾಯಿಯ ಕೆಂಪು ನೀರಿಗೆ ಜಗ್ಗುವುದಿಲ್ಲ. ಶೇಂಗಾ ಎಣ್ಣೆ ಹಚ್ಚಿ ತಿಕ್ಕಿದರೆ ಬಿಡುತ್ತದೆ. ಆಮೇಲೆ ಕಡಲೆ ಹಿಟ್ಟು ಹಾಕಿ ಆ ಎಣ್ಣೆ ತೆಗೆಯಬೇಕು. ನನಗೆ ಓದುವ ಗಡಿಬಿಡಿ. ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ, ಸೆರಗಿಗೆ ಒರೆಸಿಕೊಳ್ಳುತ್ತಿದ್ದೆ, ಹಿಟ್ಟು ಯಾರು ತರುತ್ತಾರೆ ಎಂದು ಪುಸ್ತಕ ಹಿಡಿಯುತ್ತಿದ್ದೆ. ಎಣ್ಣೆಗೆ ಬಣ್ಣ ಬಿಡುತ್ತದೆ ಎಂದು ಗೊತ್ತಿತ್ತು. ಬಿಟ್ಟ ಬಣ್ಣ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಲಿಲ್ಲ. ಸಂಜೆಯ ಬೆಳಕಿನಲ್ಲಿ ನನ್ನ ಕಣ್ಣಿಗೆ ಅಕ್ಷರ ಕಾಣುವುದೇ ಹೆಚ್ಚು, ಕಲೆ ಎಲ್ಲಿ ಕಾಣಬೇಕು.

ಆ ಶನಿವಾರ ತಸ್ಲೀಮ್ ಶಾಲೆಯಿಂದ ಬಂದು ಚೀಲ ಒಗೆದು ಗೋಡೆಗೆ ಮುಖ ಮಾಡಿ ಕುಳಿತಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಚಲೋ ಇತ್ತು.

“ನಾನಿ, ಶೇಂಗಾ ಚಟ್ನಿ ಪುಸ್ತಕದಾಗ ಇಲ್ಲ.”

“ಇಲ್ಲ” ಎಂದೆ.

“ಮತ್ತ ನೀ ಹೇಳಿದೆಲ್ಲ.”

“ನಾಕು ದಿನ ಗುಡ್ಡ ಹತ್ತೂ ಹುಡುಗಿ ಹಸಗೊಂಡು ಹೋಗ್ತಾಳೇನ? ಬರದವರು ಮರತಾರ, ನಾ ಕಟ್ಟಿ ಕೊಟ್ಟೆ.”

ನಡೆದದ್ದು ಇಷ್ಟು. ಈಕೆ ಎದ್ದು ನಿಂತು ಕತೆ ಹೇಳಿದ್ದಾಳೆ, ಎಲ್ಲರೂ ಬಾಯಿ ಮುಚ್ಚಿ ಕೇಳಿದ್ದಾರೆ. ರೊಟ್ಟಿ ಚಟ್ನಿ ಬಂದ ಕೂಡಲೇ ತರಗತಿಯ ಜಾಣೆ ಸರೋಜಾ ಎಂಬುವಳು ಕೈ ಎತ್ತಿ, “ಸರ್, ಮಾಯದ ಲೋಕದಾಗ ಶೇಂಗಾ ಚಟ್ನಿ ಇರತೈತೇನ್ರಿ?” ಎಂದಿದ್ದಾಳೆ. ಸರ್ ನೋಡೋಣವೆಂದು ಪುಸ್ತಕ ತೆರೆದಿದ್ದಾರೆ. ಚಟ್ನಿ ಸಿಗಲಿಲ್ಲ. ಪುಟ ಪುಟಕ್ಕೆ ಎಣ್ಣೆ ಮೆತ್ತಿದ ಕೆಂಪು ಹೆಬ್ಬೆರಳು ಸಿಕ್ಕಿತು. ಪುಸ್ತಕ ಮುಚ್ಚಿ, ಉಳಿದವರ ಪುಸ್ತಕಗಳನ್ನೂ ಅಲ್ಲೇ ವಾಪಸ್ ತೆಗೆದುಕೊಂಡು ಕಪಾಟಿಗೆ ಬೀಗ ಹಾಕಿದರು. ಸರೋಜಾಳ ಕೈಯಲ್ಲೂ ಅರ್ಧ ಓದಿದ ಪುಸ್ತಕ ಇತ್ತಂತೆ.

“ನಿನ್ನ ಚಟ್ನಿ ಸಲುವಾಗಿ ಇಡೀ ಶಾಲಿಗೆ ಕಪಾಟ ಬಂದ್ ಆತು. ನನಗ ಎಲ್ಲಾರೂ ಮೆಣಸಿನಕಾಯಿ ತಸ್ಲೀಮ್ ಅನ್ನಾಕತ್ತಾರ. ನಾ ಸೋಮವಾರ ಹೋಗೂದಿಲ್ಲ.”

ಹೋಗುತ್ತೀ ಎಂದು ಹೇಳಲಿಲ್ಲ ನಾನು. ತಪ್ಪು ನನ್ನದಾಗಿದ್ದಾಗ ಎಷ್ಟು ಬಾಯಿ ಮಾಡಬೇಕು ಎಂಬುದು ನನಗೆ ಗೊತ್ತು. ಭಾನುವಾರ ಇಡೀ ದಿನ ನಮ್ಮ ಮನೆಯಲ್ಲಿ ಕತೆಯಿಲ್ಲ, ರೊಟ್ಟಿ ಮಾತ್ರ.

ಸೋಮವಾರ ಪೇಟೆಯ ದಿನ, ಮೈ ತುಂಬ ಕೆಲಸ. ಪಕ್ಕದಲ್ಲಿ ಕೂರುವ ಗಂಗವ್ವನಿಗೆ ನನ್ನ ರಾಶಿ ನೋಡಿಕೋ ಎಂದು ಹೇಳಿ ಒಂದು ತಾಸಿಗೆ ಎದ್ದು ಮನೆಗೆ ಬಂದೆ. ತಸ್ಲೀಮ್‌ಳ ಕೈ ಹಿಡಿದು ಶಾಲೆಗೆ ನಡೆದೆ. ಬಸಯ್ಯ ಸರ್ ಕಪಾಟಿನ ಪಕ್ಕದ ಮೇಜಿನ ಹತ್ತಿರ ಕುಳಿತಿದ್ದರು. ಪುಸ್ತಕ ಮುಂದೆಯೇ ಇತ್ತು.

“ಸರ, ಇದು ನನ್ನ ಬೆರಳು. ಹುಡುಗೀದಲ್ಲ” ಎಂದು ಹೆಬ್ಬೆರಳು ಮುಂದೆ ಹಿಡಿದೆ.

ಅವರು ಬೆರಳು ನೋಡಿದರು, ಪುಟ ನೋಡಿದರು. “ಅಮ್ಮಾರ, ಮೊಮ್ಮಗಳನ್ನ ಉಳಸಾಕ ಬಂದೀರಿ, ಗೊತ್ತಾಗತೈತಿ. ಆದ್ರ ನೀವು ಓದ್ತೀರಿ ಅಂದ್ರ ನಾ ಹೆಂಗ ನಂಬಲಿ?”

“ನೂರಾ ತೊಂಬತ್ತೆಂಟನೇ ಪುಟದ ಮುಂದ ಕೆಂಪು ಇರೂದಿಲ್ಲ, ನೋಡ್ರಿ. ಅಲ್ಲಿಗೆ ನಿಂತೇನಿ. ಅಷ್ಟರಾಗ ನಿಮ್ಮ ವಾಯಿದೆ ಮುಗೀತು.”

ತಿರುವಿ ನೋಡಿದರು. ನಿಜವಿತ್ತು. ಆದರೂ ಪುಸ್ತಕ ಮುಂದೆ ಸರಿಸಿ, “ತಪಾಸಣಿಗೆ ಬಂದವರಿಗೆ ಇದನ್ನ ಹೆಂಗ ತೋರಸ್ಲಿ? ನನ್ನ ಸಹಿ ಮ್ಯಾಲ ಬಂದ ಪುಸ್ತಕ ಇವು. ಹೊಸಾವು ಹೊಸಾವಂಗ ಇರಬೇಕು” ಎಂದರು. ಅವರ ಮಾತಿನಲ್ಲಿ ಕೆಟ್ಟತನ ಇರಲಿಲ್ಲ, ಹೆದರಿಕೆ ಇತ್ತು. ಹೆದರಿದವರ ಹತ್ತಿರ ದನಿ ಏರಿಸಿ ಉಪಯೋಗವಿಲ್ಲ.

“ನಮ್ಮ ಪ್ಯಾಟ್ಯಾಗ ಯಾರೂ ಕೈ ಹಾಕಿ ನೋಡದ ಚೀಲ ಅಂದ್ರ ಯಾರಿಗೂ ಬ್ಯಾಡಾದ ಚೀಲರಿ, ಸರ. ನೀವು ಓದೀರೇನು ಇದನ್ನ?”

“ಇಲ್ಲ” ಎಂದರು. ಸುಳ್ಳು ಹೇಳಲಿಲ್ಲ, ಅದು ನನಗೆ ಸೇರಿತು. “ಏನೈತಿ ಇದರಾಗ?”

ನಿಂತುಕೊಂಡೇ ಹೇಳಿದೆ. ಹೊಳೆ ಹೋದದ್ದು, ಕನ್ನಡಿ ಕುರುಡಾದದ್ದು, ಆಡು. ಗುಡ್ಡದ ನೆತ್ತಿಯ ಬಾಗಿಲು ಕಾಯುವ ಕಲ್ಲಿನ ಹೆಂಗಸು ದಾಟುವವರಿಂದ ಅವರ ಹೆಸರು ಕೇಳಿ ಇಸಿದುಕೊಳ್ಳುವುದು. ಸುಳಿ ಹೆಸರು ಕೊಟ್ಟುಬಿಡುತ್ತಾಳೆ. ಅಲ್ಲಿಂದ ಮುಂದೆ ಪುಸ್ತಕದಲ್ಲಿ ಎಲ್ಲೂ ಸುಳಿ ಎಂದು ಬರುವುದಿಲ್ಲ, ಆಕೆ ಆಕೆ ಎಂದೇ ಬರುತ್ತದೆ. ಮೊದಲು ನಾನು ಪುಟ ತಪ್ಪಿತು ಎಂದುಕೊಂಡೆ. ಆಮೇಲೆ ತಿಳಿದಾಗ, ಆ ಹುಡುಗಿಗೆ ಒಂದು ಮಾತು ಹೇಳಬೇಕೆನಿಸಿತು. ನನ್ನನ್ನು ಮೂವತ್ತು ವರ್ಷ ಅಂಗಡಿಯ ಲೆಕ್ಕ ಬರೆಯುವ ಮುನೀಮ ‘ಏ ಮೂರನೇ ಸಾಲು’ ಎಂದು ಕರೆದಿದ್ದಾನೆ. ಹೆಸರು ಇಲ್ಲದಿದ್ದರೂ ಕೆಲಸ ನಡೆಯುತ್ತದೆ, ನೀನು ನಡಿ, ಎಂದು. ಅಷ್ಟು ಹೇಳುವಷ್ಟರಲ್ಲಿ ಕಿಟಕಿಗೆ ಮಕ್ಕಳು ಮೆತ್ತಿಕೊಂಡಿದ್ದರು. ಹೆಸರಿಲ್ಲದ ಹುಡುಗಿ ಹೊಳೆಯ ತವರುಮನೆಯ ಬಾಗಿಲು ಬಡಿಯುತ್ತಾಳೆ. ಒಳಗಿನಿಂದ “ಯಾರು?” ಎಂದು ಕೇಳುತ್ತಾರೆ. ಅಲ್ಲಿಗೆ ನಿಲ್ಲಿಸಿದೆ.

“ಮುಂದ?” ಎಂಬ ಮಾತು ಬಂತು. ಕಿಟಕಿಯಿಂದಲ್ಲ, ಕುರ್ಚಿಯಿಂದ.

“ಗೊತ್ತಿಲ್ಲರಿ. ನೀವು ಬೀಗ ಹಾಕೀರಿ.”

ಕಿಟಕಿಯ ಆಚೆಯಿಂದ ಒಂದು ಹುಡುಗಿ, “ಅಜ್ಜೀ, ರೊಟ್ಟಿ ಚಟ್ನಿ ಖರೇನ ಇಲ್ಲಲ್ಲ?” ಎಂದಳು. ಅದು ಸರೋಜಾ ಎಂದು ತಸ್ಲೀಮ್ ಕೈ ಚಿವುಟಿ ಹೇಳಿದಳು.

“ಇಲ್ಲವ್ವಾ. ಅದು ನಾ ಸೇರಿಸಿದ್ದು. ನೀ ಶಾಣ್ಯಾಕಿ ಅದಿ, ನೀನ ಹೇಳು. ನಾಕು ದಿನ ಆಕಿ ಏನ ತಿಂದಳು?”

“ಹಣ್ಣು ತಿಂದಿರತಾಳ.”

“ಹೊಳಿ ಹೋದ ಊರಾಗ ಎಲ್ಲಿ ಹಣ್ಣ?” ಎಂದು ಇನ್ನೊಬ್ಬಳು. “ಆಡಿನ ಹಾಲ ಕುಡದಿರಬೇಕು.”

“ಅದು ಗಂಡಾಡು” ಎಂದಳು ತಸ್ಲೀಮ್. ಶನಿವಾರದ ನಂತರ ಆಕೆ ಆ ಹುಡುಗಿಯರ ಎದುರು ಆಡಿದ ಮೊದಲ ಮಾತು ಅದು. ಕಿಟಕಿ ತುಂಬ ನಗೆ. ಪುಸ್ತಕದಲ್ಲಿ ಎಲ್ಲೋ ಬರೆದಿರುತ್ತದೆ, ಅಜ್ಜಿಗೆ ಸರಿಯಾಗಿ ಕಂಡಿಲ್ಲ ಎಂದು ಸರೋಜಾ ವಾದ ಹಿಡಿದಳು. ನಾನೇ ಹುಡುಕಿ ತೋರಿಸುತ್ತೇನೆ, ಕೊಡಿ ಎಂದಳು. ಮೊದಲು ನಾನು ಎಂದು ಇನ್ನೊಬ್ಬಳು. ಸರ್ ಗದರಲಿಲ್ಲ. ಕಿಟಕಿಯನ್ನು ನೋಡಿದರು, ನನ್ನ ಹೆಬ್ಬೆರಳನ್ನು ನೋಡಿದರು. ಜೇಬಿಗೆ ಕೈ ಹಾಕಿ ಬೀಗದ ಕೈ ತೆಗೆದರು.

“ಕೈ ತೊಳಕೊಂಡ ಮುಟ್ಟಬೇಕು. ಬಾಗಲದಾಗ ಬಕೀಟ, ಸಾಬಾಣ ಇಡಸ್ತೇನಿ” ಎಂದರು.

“ಸಾಬಾಣಕ್ಕ ಇದು ಹೋಗೂದಿಲ್ಲರಿ. ಎಣ್ಣಿ ಹಚ್ಚಿ, ಕಡಲಿ ಹಿಟ್ಟ ಹಚ್ಚಿ, ಆಮ್ಯಾಲ ಸಾಬಾಣ. ಮನ್ಯಾಗ ಮೆಣಸಿನಕಾಯಿ ಮುಟ್ಟದ ಹುಡುಗಿ ಈ ಊರಾಗ ಯಾರ ಅದಾಳ?”

ಆದ್ದರಿಂದ, ಮಕ್ಕಳೇ, ನಿಮ್ಮ ಲೈಬ್ರರಿಯ ಬಾಗಿಲಲ್ಲಿ ಕಡಲೆ ಹಿಟ್ಟಿನ ಡಬ್ಬಿ ಯಾಕೆ ಇದೆ ಎಂದು ಬೇರೆ ಊರಿನಿಂದ ಬಂದವರು ಕೇಳಿದರೆ, ಹೀಗಾಗಿ ಇದೆ ಎಂದು ಹೇಳಿ. ಕೆಲವರು ಅದರಲ್ಲಿ ಬಜ್ಜಿ ಮಾಡಬಹುದು ಎಂದು ಮನೆಗೆ ಒಯ್ಯುತ್ತೀರಂತೆ. ಬೇಡ.

ಪುಸ್ತಕ ನನಗೇ ಮೊದಲು ಕೊಟ್ಟರು, ಮುಗಿಸಿ ಎಂದು. ರಿಜಿಸ್ಟರಿನಲ್ಲಿ ಹೆಸರಿನ ಪಕ್ಕ ತರಗತಿ ಬರೆಯುವ ಮನೆ ಇತ್ತು. ಏನು ಬರೆಯಲಿ ಎಂದು ಕೇಳಿದರು. “ಎಂಟನೇತ್ತಾ ಅಂತ ಬರೀರಿ. ಇಕಿ ಜೋಡಿನ ಓದೇನಿ” ಎಂದೆ. ಹುಸೇನಬಿ, ಎಂಟನೇ ತರಗತಿ. ಹಾಗೆಯೇ ಇದೆ, ಬೇಕಾದರೆ ಹೋಗಿ ನೋಡಿ.

ಈಗ ನೀವು ಆ ಪುಸ್ತಕ ಯಾಕೆ ಓದಬೇಕು ಎಂದು ಹೇಳುತ್ತೇನೆ. ಅದರಲ್ಲಿ ನೀತಿ ಇಲ್ಲ, ನಾನು ಹುಡುಕಿದ್ದೇನೆ. ಆಡಿನ ವಿಷಯ ತಪ್ಪಾಗಿದೆ, ಬುತ್ತಿಯ ವಿಷಯ ಮೊದಲೇ ಹೇಳಿದೆ. ನಡುವೆ ಒಂದು ಯುದ್ಧ ಬರುತ್ತದೆ, ಉದ್ದವಾಯಿತು. ಆದರೂ ಓದಿ. ನನಗೆ ಸುಮ್ಮನೆ ಒಪ್ಪಿಕೊಂಡು ಓದುವುದು ಬರುವುದಿಲ್ಲ, ಜಗಳ ಆಡಬೇಕು, ಆ ಪುಸ್ತಕ ಜಗಳಕ್ಕೆ ನಿಲ್ಲುತ್ತದೆ. ನಮ್ಮ ಲೈಬ್ರರಿಯ ಪ್ರತಿಗೆ ಹೊಸ ರಟ್ಟು ಹಾಕಿಸಿದ್ದಾರೆ, ಒಳಗೆ ಕೆಂಪು ಗುರುತು ಹಾಗೇ ಇವೆ. ಒಂದು ಪುಟದಲ್ಲಿ ಎರಡು ಗುರುತು ಇದ್ದರೆ ನಾನು ಅಲ್ಲಿ ಎರಡು ಸಲ ಓದಿದ್ದೇನೆ. ಮೂರು ಇದ್ದರೆ ನನಗೆ ಅರ್ಥವಾಗಿಲ್ಲ, ನಿಮಗೆ ಆದರೆ ಬಂದು ಹೇಳಿ. ನೂರಾ ತೊಂಬತ್ತೆಂಟರ ಮುಂದೆ ಪುಟ ಸ್ವಚ್ಛ. ಅಲ್ಲಿಂದ ನೀವು ನನ್ನನ್ನು ಬಿಟ್ಟು ಒಬ್ಬರೇ ಹೋಗಬೇಕು.

ಕಡೆಗೆ ಏನಾಯಿತು ಎಂದು ಎಷ್ಟೋ ಹುಡುಗಿಯರು ಮನೆಗೆ ಬಂದು ಕೇಳಿದ್ದಾರೆ. ಯಾರಿಗೂ ಹೇಳಿಲ್ಲ. ಬುತ್ತಿಯ ಮಟ್ಟಿಗೆ ನಾನು ಪೂರ್ತಿ ತಪ್ಪಿರಲಿಲ್ಲ, ಅಷ್ಟು ಮಾತ್ರ ಹೇಳುತ್ತೇನೆ.

ಸರ್ ಪುಸ್ತಕ ತಿರುಗಿ ಕೊಟ್ಟ ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೋಗಲಿಲ್ಲ. ತಸ್ಲೀಮ್‌ಳನ್ನು ಶಾಲೆಗೆ ಕಳಿಸಿ, ಎಣ್ಣೆ ಹಚ್ಚಿ, ಕಡಲೆ ಹಿಟ್ಟು ಹಚ್ಚಿ, ಎರಡು ಸಲ ಕೈ ತೊಳೆದು, ಪುಸ್ತಕ ಹಿಡಿದು ಕಟ್ಟೆಯ ಮೇಲೆ ಕುಳಿತೆ. ಬಿಸಿಲು ಏರುವಷ್ಟರಲ್ಲಿ ಗಂಗವ್ವ ಹುಡುಕಿಕೊಂಡು ಬಂದಳು. ಮುನೀಮ ಕಳಿಸಿದ್ದನಂತೆ.

“ಹುಸೇನವ್ವಾ, ಮೈಯಾಗ ಆರಾಮಿಲ್ಲೇನ? ಯಾರರ ತೀರಕೊಂಡಾರೇನ?”

“ಎಲ್ಲಾರೂ ಆರಾಮ ಅದಾರ. ಹೊಳಿ ಇನ್ನಾ ತವರಮನ್ಯಾಗ ಐತಿ. ಅದು ಹೊಂಟ ಮ್ಯಾಲ ಬರ್ತೇನಿ ಅಂತ ಹೇಳು.”

ಗಂಗವ್ವ ನನ್ನ ಹಣೆ ಮುಟ್ಟಿ ನೋಡಿದಳು. ಆಕೆಯದು ಕೆಲಸದ ಕೆಂಪು ಕೈ, ಹಣೆಗೆ ಗುರುತು ಬಿದ್ದಿರಬೇಕು. ಅದನ್ನು ಸೆರಗಿನಿಂದ ಒರೆಸಿಕೊಂಡು, ಕೈ ಮತ್ತೊಮ್ಮೆ ನೋಡಿಕೊಂಡು, ನಾನು ನೂರಾ ತೊಂಬತ್ತೊಂಬತ್ತನೇ ಪುಟ ತಿರುವಿದೆ.